ಸಂಜೆ ಆರರಿಂದ ಒಂಬತ್ತು

ಮೈಸೂರು
9-2-2003

ಅತ್ತಿಗೆಯವರಿಗೆ ಮಾನಸಳ ನಮಸ್ಕಾರ.

ಬಸ್ಸು ಹಾಸನದಲ್ಲಿ ಕೆಟ್ಟು ನಿಂತಿತು. ರೂಮು ಸೇರುವಾಗ ಕತ್ತಲಾಗಿತ್ತು. ಬೇರೆ ತೊಂದರೆ ಏನೂ ಆಗಲಿಲ್ಲ. ನೀವು ಕಟ್ಟಿಕೊಟ್ಟ ರೊಟ್ಟಿಯನ್ನು ಮರುದಿನವೂ ತಿಂದೆ.

ಆಫೀಸಿನಲ್ಲಿ ನನ್ನ ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿದ್ದಾರೆ. ಅಣ್ಣನ ವಿಷಯ ಯಾರೂ ಕೇಳಲಿಲ್ಲ. ನಮ್ಮ ಸೆಕ್ಷನ್ನಿನ ಥಿಯೋಡೋರ್ ಸರ್ ಮಾತ್ರ "ಊಟ ಮಾಡಿದಿರಾ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಅವರ ರೀತಿಯೇ ಅದು. ಕೇಳಿಸಿಕೊಂಡರೆ ತಾವೂ ಏನಾದರೂ ಹೇಳಬೇಕಾಗುತ್ತದೆ ಎಂದು ಹೆದರುತ್ತಾರೆ. ನನಗೂ ಅದೇ ಅನುಕೂಲ.

ತಿಥಿಯ ಮರುದಿನ ಮನೆ ತುಂಬ ಜನ ಇದ್ದಾಗ ನಿಮ್ಮಿಂದ ಅವಸರದಲ್ಲಿ ಸಹಿ ಹಾಕಿಸಿಕೊಂಡೆ. ಅದೇನೆಂದು ಸರಿಯಾಗಿ ಹೇಳಲೂ ಆಗಲಿಲ್ಲ. ಸಂಜೆ ಆರರಿಂದ ಒಂಬತ್ತರವರೆಗೆ ಎಲ್ಲರ ಮನೆಯಲ್ಲೂ ದೀಪ ಉರಿದು ಟಿ.ವಿ. ಓಡುವುದರಿಂದ ಕರೆಂಟು ಸಾಲುವುದಿಲ್ಲ. ಆ ಹೊತ್ತಿನಲ್ಲಿ ಗಿರಣಿ, ಪಂಪುಸೆಟ್ಟು ನಿಲ್ಲಿಸಲು ಒಪ್ಪಿದವರಿಗೆ ನಮ್ಮ ವಿದ್ಯುತ್ ಕಂಪನಿ ಪರಿಹಾರ ಕೊಡುತ್ತದೆ. ಎಷ್ಟು ಉಳಿಸಿದಿರಿ ಎಂದು ತಿಳಿಯಲು ಮೊದಲು ಎಷ್ಟು ಬಳಸುತ್ತಿದ್ದಿರಿ ಎಂದು ಗೊತ್ತಿರಬೇಕಲ್ಲ. ಅದಕ್ಕೆ ಸಹಿ ಹಾಕುವ ಮೊದಲಿನ ಒಂದು ವಾರದ ಸಂಜೆಗಳನ್ನು ಅಳತೆಯಾಗಿ ಹಿಡಿಯುತ್ತಾರೆ. ಅಣ್ಣ ಡಿಸೆಂಬರಿನಲ್ಲಿ ನಮ್ಮ ಗಿರಣಿಗೆ ಹಾಕಿಸಿದ ಹೊಸ ಮೀಟರು ಪ್ರತಿ ಗಂಟೆಯ ಬಳಕೆಯನ್ನು ಬೇರೆಬೇರೆಯಾಗಿ ತೋರಿಸುತ್ತದೆ.

ನಮ್ಮ ವಿಷಯದಲ್ಲಿ ಆ ವಾರ ಸೂತಕದ ವಾರ. ಹೆದರಬೇಡಿ. ಗಿರಣಿ ಮುಚ್ಚಿದ್ದ ದಿನಗಳನ್ನು ಬಿಟ್ಟು ಅದಕ್ಕೂ ಹಿಂದಿನ ದಿನಗಳನ್ನು ಹಿಡಿಯಬೇಕೆಂದು ನಿಯಮದಲ್ಲೇ ಇದೆ. ಆ ನಿಯಮಗಳನ್ನು ಕನ್ನಡಕ್ಕೆ ತಂದದ್ದು ನಾನೇ. ಸಾಹಿತ್ಯ ಓದಿದ್ದಕ್ಕೆ ಸಿಕ್ಕಿದ ಕೆಲಸ ಇದು.

ಚಿಕ್ಕಪ್ಪ ಗಿರಣಿ ಮಾರುವ ಮಾತೆತ್ತಿದಾಗ ನಾನು ಒಳಗಿದ್ದೆ. ಕೇಳಿಸಿತು. ಶೆಡ್ಡು ಅವರ ಜಾಗದಲ್ಲಿದೆ, ಸರಿ. ಆದರೆ ಅಣ್ಣ ಹೋಗಿ ಹದಿನೈದು ದಿನವೂ ಆಗಿರಲಿಲ್ಲ. ಮಳೆ ಹಿಡಿಯುವವರೆಗೆ ನೋಡುತ್ತೇನೆ ಎಂದಿದ್ದಾರಲ್ಲ, ಅಷ್ಟರಲ್ಲಿ ಪರಿಹಾರ ಬರತೊಡಗಿದರೆ ಗಿರಣಿ ತನ್ನ ಖರ್ಚು ತಾನೇ ನೋಡಿಕೊಳ್ಳುತ್ತದೆ ಎಂದು ತೋರಿಸಬಹುದು. ಸಂಜೆ ಮಾತ್ರ ತಪ್ಪದೆ ಮುಚ್ಚಿ.

ಮಾನಸ

*

ಕುಂದೂರು
2-3-2003

ಮಾನಸಂಗೆ ಅತ್ತಿಗೆಯ ಆಶೀರ್ವಾದ.

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ನನಗೆ ಗೊತ್ತಾಗಿದ್ದು ಇಷ್ಟು: ಓಡಿಸದೆ ಇದ್ರೆ ದುಡ್ಡು. ಸುಲೋಚನಮ್ಮಂಗೆ ಹೇಳಿದೆ. "ಅಯ್ಯೋ, ನಮ್ಮನೆಯವ್ರು ಹುಟ್ಟಿದಾಗ್ಲಿಂದ ಏನೂ ಮಾಡ್ದೆ ಕೂತವ್ರೆ ಕಣವ್ವ, ಅವ್ರ ಹೆಸ್ರೂ ಬರಿಸ್ಬುಡು" ಅಂದ್ಳು. ಪಕ್ಕದ ಮನೆಯಲ್ಲಿ ಇವಳೊಬ್ಬಳು ಇಲ್ದಿದ್ರೆ ದಿನಕ್ಕೆ ನಾಕು ಮಾತೂ ಆಡ್ತಿರಲಿಲ್ಲ ನಾನು.

ಸಂಜೆ ಆರಕ್ಕೆ ಸ್ವಿಚ್ಚು ಇಳಿಸ್ತಾ ಇದೀನಿ. ತೋಟದ ಕೆಲಸಕ್ಕೆ ಹೋಗೋ ಹೆಂಗಸ್ರಿಗೆ ಅದು ಕಷ್ಟ ಆಗೈತೆ. ಅವ್ರು ಕೆಲಸ ಬಿಟ್ಟು ಬರೋದೇ ಆರಕ್ಕೆ. ಬೆಳಿಗ್ಗೆ ಡಬ್ಬ ಇಟ್ಟು ಹೋಗ್ರಿ, ಬೀಸಿಡ್ತೀನಿ ಅಂದೆ. ನಾಕು ದಿನ ಇಟ್ರು. ಆಮೇಲೆ ಮೇಲಿನ ಊರಿನ ಡೀಸೆಲ್ ಗಿರಣಿಗೆ ಹೋಗ್ತಾವ್ರಂತೆ. ನಿಂತು ಬೀಸಿಸ್ಕೊಂಡ್ರೇನೇ ಅವ್ರಿಗೆ ಸಮಾಧಾನ. ತಮ್ಮ ರಾಗಿ ಹಿಟ್ಟು ಕೈಗೆ ಬಿಸಿಯಾಗಿ ತಾಗಬೇಕು.

ಬೆಳಿಗ್ಗೆ ಹೊತ್ತು ಹಂಗೂ ಹಿಂಗೂ ಹೋಗ್ತದೆ. ನಿನ್ನಣ್ಣನ ಅಂಗಿ ಎಲ್ಲ ಒಗೆದು ಇಟ್ಟಿದೀನಿ. ಯಾರಿಗೆ ಕೊಡೋದು ಗೊತ್ತಾಗ್ಲಿಲ್ಲ.

ಚಿಕ್ಕಮಾವ ದಿನಾ ಒಂದು ಸಲ ಶೆಡ್ಡಿನ ಬಾಗಿಲಿಗೆ ಬಂದು ನೋಡಿ ಹೋಗ್ತಾರೆ. ಒಳಗೆ ಬರಲ್ಲ.

ಗಂಗಾಮಣಿ

*

ಮೈಸೂರು
28-3-2003

ಅತ್ತಿಗೆ,

ಒಂದು ಸಣ್ಣ ತೊಡಕು ಬಂದಿದೆ. ಗಾಬರಿಯಾಗುವಂಥದ್ದಲ್ಲ.

ನಿಮ್ಮ ಗಿರಣಿಯ ಅಳತೆ ತುಂಬ ಕಡಿಮೆ ಬಂದಿದೆ. ಸೂತಕದ ವಾರವನ್ನು ಬಿಟ್ಟೇ ಇಲ್ಲ. ಥಿಯೋಡೋರ್ ಸರ್ ಹತ್ತಿರ ಹೋದೆ. ನಾನಾಗಿಯೇ ಅವರ ಹತ್ತಿರ ಹೋಗಿ ಮಾತಾಡಿದ್ದು ಇದೇ ಮೊದಲು. ಆ ವಾರ ನಿಮ್ಮ ಮೀಟರಿನಲ್ಲಿ ಪ್ರತಿ ಸಂಜೆಯೂ ಸ್ವಲ್ಪ ಸ್ವಲ್ಪ ಕರೆಂಟು ಹೋಗಿರುವುದು ಕಾಣುತ್ತಿದೆ, ಹಾಗಾಗಿ ಮುಚ್ಚಿತ್ತು ಎಂದು ಹಿಡಿಯಲು ಬರುವುದಿಲ್ಲ ಎಂದರು. ಪೂರ್ತಿ ಬೀಸಿದಷ್ಟೂ ಇಲ್ಲ, ಸುಮ್ಮನಿದ್ದಷ್ಟು ಕಡಿಮೆಯೂ ಅಲ್ಲ.

"ಸರ್, ಅದು ಸಾವಿನ ಮನೆ. ಗಿರಣಿ ಮುಟ್ಟುವುದಿಲ್ಲ" ಎಂದೆ.

"ಹಾಗಾದರೆ ಮೀಟರು ಸರಿಯಿಲ್ಲ. ಮುಚ್ಚಿತ್ತು ಅಂತ ನಿಮ್ಮ ಅತ್ತಿಗೆ ಎರಡು ಸಾಲು ಬರೆದುಕೊಡಲಿ ಮಾರಾಯ್ರೆ. ಮೀಟರು ಬದಲಾಯಿಸಿ, ಅದರ ಹಿಂದಿನ ವಾರ ಹಿಡಿಯುವ" ಎಂದರು.

ಇಷ್ಟೇ ಕೆಲಸ. ಏನು ಬರೆಯಬೇಕೆಂದು ಬೇರೆ ಹಾಳೆಯಲ್ಲಿ ನಾನೇ ಬರೆದು ಇದರ ಜೊತೆ ಇಟ್ಟಿದ್ದೇನೆ. ಕೆಳಗೆ ಸಹಿ ಹಾಕಿ ಕಳಿಸಿದರೆ ಸಾಕು. ಮೂರನೇ ದಿನದ ಹಾಲುತುಪ್ಪ ಮುಗಿಸಿ, ತಿಥಿಗೆ ಮತ್ತೆ ಬರುತ್ತೇನೆಂದು ನಾನು ಹೊರಟೆನಲ್ಲ, ಆಗ ಗಿರಣಿಗೆ ಬೀಗ ಹಾಕಿತ್ತು. ಬೇಕಾದರೆ ನಾನೂ ಸಾಕ್ಷಿ ಹಾಕುತ್ತೇನೆ.

ಇಲ್ಲಿ ಬಿಸಿಲು. ಆಫೀಸಿನ ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ.

ಮಾನಸ

*

ಮೈಸೂರು
14-4-2003

ಅತ್ತಿಗೆ,

ನನ್ನ ಕಾಗದ ತಲುಪಿರಬೇಕು. ಈ ವರ್ಷ ಹಬ್ಬ ಇಲ್ಲವಾದ್ದರಿಂದ ಯುಗಾದಿಗೆ ಬರಲಿಲ್ಲ. ರೂಮಿನಲ್ಲೇ ಇದ್ದೆ. ಮನೆಯೊಡತಿ ಒಂದು ಹೋಳಿಗೆ ತಂದು ಬಾಗಿಲಲ್ಲಿ ಕೊಟ್ಟರು. ತೆಗೆದುಕೊಳ್ಳಬಹುದೋ ಇಲ್ಲವೋ ಗೊತ್ತಾಗದೆ ತಟ್ಟೆ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ತಿಂದೆ. ರುಚಿ ನೆನಪಿಲ್ಲ.

ಸಹಿ ಹಾಕಿದ ಹಾಳೆ ಕಳಿಸಿ. ಚಿಕ್ಕಪ್ಪ ಬೇಡ ಎನ್ನುತ್ತಿದ್ದಾರಾ? ಹಾಗಿದ್ದರೆ ತಿಳಿಸಿ. ನಾನೇ ಅವರಿಗೆ ಬರೆಯುತ್ತೇನೆ.

ಮಾನಸ

*

ಕುಂದೂರು
5-5-2003

ಮಾನಸಂಗೆ ಅತ್ತಿಗೆಯ ಆಶೀರ್ವಾದ.

ಇಲ್ಲಿ ಎಲ್ಲ ಹಂಗೇ ಐತೆ. ಎರಡು ಮಳೆ ಬಂತು. ಮೆಣಸಿನ ಬಳ್ಳಿಗೆ ಒಳ್ಳೇದು ಅಂತ ಚಿಕ್ಕಮಾವ ಹೇಳ್ತಿದ್ರು. ಹೇಳಿದ್ದು ನಂಗಲ್ಲ, ಆಲೂರಿಂದ ಬಂದಿದ್ದವನ ಹತ್ರ. ಅವನು ಗಿರಣಿ ನೋಡೋಕೆ ಬಂದಿದ್ದ. ಮೋಟರಿನ ಮೇಲೆ ಕೈಯಿಟ್ಟ, ಕಲ್ಲಿಗೆ ಉಗುರಲ್ಲಿ ಕೆರೆದು ನೋಡಿದ. ಜೂನ್ ಮುಗಿಯೋದ್ರೊಳಗೆ ಬಂದು ಬಿಚ್ಕೊಂಡು ಹೋಗ್ತೀನಿ ಅಂದ. ಚಿಕ್ಕಮಾವ ಹ್ಞೂಂ ಅನ್ಲಿಲ್ಲ, ಉಹ್ಞೂಂ ಅನ್ಲಿಲ್ಲ.

ಮೀಟರಿನ ಮಹಾದೇವಯ್ಯ ಬಂದಿದ್ದ. ನಿಮ್ಮ ಆಫೀಸಿನೋರು ನೋಡ್ಕೊಂಡು ಬಾ ಅಂದ್ರಂತೆ. ಮುಚ್ಚಳ ಬಿಚ್ಚಿ ಏನೇನೋ ತಂತಿ ಹಿಡಿದು ನೋಡಿದ. "ಮೀಟ್ರು ನೆಟ್ಟಗೈತೆ ಕಣವ್ವ. ಕೆಟ್ಟೈತೆ ಅಂತ ಬರೆದ್ರೆ ಹಾಕಿದವನು ನಾನು, ನನ್ನ ಕೇಳ್ತಾರೆ. ಕೇಳ್ಲಿ ಬುಡು, ಮೋಹನಣ್ಣನ ಮನೆ ಕೆಲ್ಸ" ಅಂದ. ನಿನ್ನಣ್ಣ ಅಂದ್ರೆ ಅವನಿಗೆ ಜೀವ. ಕಾಫಿ ಕುಡಿದು ಹೋದ.

ನಿನ್ನ ಹಾಳೆಗೆ ಸಹಿ ಹಾಕಿಲ್ಲ. ಹಾಕಲ್ಲ. ಯಾಕೆ ಅಂತ ಕೇಳಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು.

ಗಂಗಾಮಣಿ

*

ಮೈಸೂರು
12-5-2003

ಅತ್ತಿಗೆ,

ಕೇಳಬೇಡ ಎಂದರೂ ಕೇಳುತ್ತಿದ್ದೇನೆ.

ಗಿರಣಿ ಉಳಿಯಬೇಕು ಎಂದವರು ನೀವು. ತಿಥಿಯ ದಿನ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, ಅದೊಂದು ಹೋಗದ ಹಾಗೆ ನೋಡು ಎಂದಿರಿ. ನಿಮಗೆ ಅದು ನೆನಪಿದೆಯೋ ಇಲ್ಲವೋ. ಅದಕ್ಕೇ ಈ ಅರ್ಜಿ ಹಾಕಿಸಿದೆ. ಎರಡು ಸಾಲಿನ ಕೆಳಗೆ ಒಂದು ಸಹಿ. ಅದೂ ಸುಳ್ಳಲ್ಲ. ಮಹಾದೇವಯ್ಯನೇ ಕೇಳಲಿ ಬಿಡು ಎಂದ ಮೇಲೆ ನಿಮಗೇನು ಅಡ್ಡಿ? ಯೋಚಿಸಿದರೆ ನನಗೆ ತೋರುವುದು ಒಂದೇ. ನಿಮಗೆ ಗಿರಣಿ ಬೇಡವಾಗಿದೆ. ತವರಿಗೆ ಹೋಗುವ ಯೋಚನೆ ಇದ್ದರೆ ಹೇಳಿಬಿಡಿ. ನಾನೇನೂ ತಪ್ಪು ತಿಳಿಯುವುದಿಲ್ಲ. ಚಿಕ್ಕಪ್ಪನಿಗೂ ಅದೇ ಬೇಕು. ಶೆಡ್ಡು ಖಾಲಿಯಾದರೆ ಮೆಣಸು ತುಂಬಿಕೊಳ್ಳಬಹುದು.

ಇನ್ನೊಂದು ಮಾತು. ನೀವು ಆ ದಿನಗಳೆಲ್ಲ ಮನೆಯಲ್ಲಿದ್ದಿರಿ. ನನಗೆ ಸಿಕ್ಕಿದ್ದು ಮೊದಲ ಮೂರು ದಿನ, ಆಮೇಲೆ ತಿಥಿ. ಕಾಂಟ್ರಾಕ್ಟಿನವರಿಗೆ ರಜೆ ಇಲ್ಲ. ನಾಲ್ಕನೇ ದಿನ ಇಲ್ಲಿ ಕೂತು ಪಂಪುಸೆಟ್ಟಿನವರ ಅರ್ಜಿಗಳಿಗೆ ಉತ್ತರ ಬರೆಯುತ್ತಿದ್ದೆ. ಅಕ್ಷರ ಚೆನ್ನಾಗಿಯೇ ಬಂತು. ಅಣ್ಣ ಮಾರನಹಳ್ಳಿಯ ತಿರುವಿನಲ್ಲಿ ಬೈಕಿನಿಂದ ಬಿದ್ದ ಎಂಬುದನ್ನು ನಾನು ಈವರೆಗೆ ಯಾರಿಗೂ ಬಾಯಿಬಿಟ್ಟು ಹೇಳಿಲ್ಲ. ಅಳುವೂ ಬಂದಿಲ್ಲ. ನನಗೆ ಮಾಡಲು ಇದ್ದದ್ದು ಈ ಒಂದು ಕೆಲಸ.

ಮಾನಸ

*

ಕುಂದೂರು
30-5-2003

ಮಾನಸ,

ನಿನ್ನ ಕಾಗದ ಬಂದು ಬಹಳ ದಿನ ಆಯ್ತು. ತವರಿಗೆ ಹೋಗೋ ಯೋಚನೆ ಇಲ್ಲ. ನಿನ್ನ ಕೈ ಹಿಡ್ಕೊಂಡಿದ್ದು ನೆನಪೈತೆ.

ಆ ವಾರ ಗಿರಣಿ ಮುಚ್ಚಿರಲಿಲ್ಲ. ನಾನು ಓಡಿಸಿದೆ.

ಹಾಲುತುಪ್ಪ ಮುಗಿಸಿ ನೀನು ಹೊರಟ ಮಾರನೇ ದಿನ ಸಂಜೆ ಬಂದೋರೆಲ್ಲ ಚಿಕ್ಕಮಾವನ ಮನೆ ಜಗುಲಿಯಲ್ಲಿ ಕೂತಿದ್ರು. ನಾನೊಬ್ಬಳೇ ಒಳಗೆ. ನಿಂಗೆ ಗೊತ್ತಲ್ಲ, ನಿನ್ನಣ್ಣ ಸಂಜೆ ಗಿರಣಿಯಲ್ಲಿದ್ರೆ ನಾನು ಇಲ್ಲಿ ಒಲೆ ಹಚ್ಚಿ ಮುದ್ದೆಗೆ ಎಸರಿಡ್ತಿದ್ದೆ. ಬೆಲ್ಟಿನ ಸದ್ದು ಗೋಡೆಗೆಲ್ಲ ತಾಗ್ತಿತ್ತು. ಅದು ನಿಂತ್ರೆ ಇನ್ನೇನು ಬರ್ತಾರೆ ಅಂತ ತಟ್ಟೆ ಹಾಕ್ತಿದ್ದೆ. ಆವತ್ತು ಸದ್ದು ಇರಲಿಲ್ಲ. ಸದ್ದೇ ಇಲ್ಲ ಅಂದ್ಮೇಲೆ ನಿಲ್ಲೋದು ಎಲ್ಲಿಂದ. ತಟ್ಟೆ ಯಾವಾಗ ಹಾಕ್ಬೇಕು ಅನ್ನೋದೇ ನಂಗೆ ಗೊತ್ತಾಗ್ಲಿಲ್ಲ.

ಬೀಗ ತೆಗೆದು ಹೋದೆ. ಕಲ್ಲು ಸಡಿಲ ಮಾಡಿ, ಕಾಳು ಹಾಕದೆ ಸ್ವಿಚ್ಚು ಎತ್ತಿದೆ. ಬಂದು ಒಲೆ ಮುಂದೆ ಕೂತೆ. ಸ್ವಲ್ಪ ಹೊತ್ತಾದ್ಮೇಲೆ ಹೋಗಿ ನಿಲ್ಲಿಸಿದೆ. ಸೂತಕದ ಮನೆಯಲ್ಲಿ ಗಿರಣಿ ಮುಟ್ಟಬಾರದು ಅಂತ ನಂಗೂ ಗೊತ್ತು. ಮಾರನೇ ದಿನವೂ ಓಡಿಸಿದೆ. ತಿಥಿಯವರೆಗೂ ದಿನಾ ಸಂಜೆ ಓಡಿಸಿದೆ. ಅತ್ಲಾಗೆ ಇತ್ಲಾಗೆ ಬರೋ ಜನದ ಗದ್ದಲದಲ್ಲಿ ಯಾರೂ ಗಮನಿಸ್ಲಿಲ್ಲ ಅಂತ ಕಾಣ್ತದೆ. ಯಾರೂ ಒಂದು ಮಾತು ಅನ್ಲಿಲ್ಲ.

ಆಮೇಲೆ ನೀನು ಸಂಜೆ ಮುಚ್ಚಿ ಅಂದೆ, ಮುಚ್ಚಿದೆ. ಒಳ್ಳೇದೇ ಆಯ್ತು ಅಂದ್ಕೊಂಡೆ. ಇಲ್ದಿದ್ರೆ ಎಷ್ಟು ದಿನ ಓಡಿಸ್ತಿದ್ದೆನೋ.

ಈಗ ಮುಚ್ಚಿತ್ತು ಅಂತ ಬರೆದುಕೊಡು ಅಂದ್ರೆ ನನ್ನ ಕೈ ಬರಲ್ಲ ಕಣೆ. ಮಹಾದೇವಯ್ಯಂಗೆ ಕೆಟ್ಟ ಹೆಸರು ಬರ್ತದೆ ಅನ್ನೋದು ಒಂದು. ಇನ್ನೊಂದು, ಅವ್ರು ಹೋದ್ಮೇಲೆ ನನ್ನ ಹತ್ರ ಇದ್ದಿದ್ದು ಆ ಏಳೆಂಟು ಸಂಜೆ. ಅದೂ ಇರಲಿಲ್ಲ ಅಂತ ನಾನೇ ಬರೆದು ಸಹಿ ಹಾಕಲಾ.

ಗಿರಣಿ ಹೋಗೋದಾದ್ರೆ ಹೋಗ್ಲಿ. ನಿಂಗೆ ಬೇಜಾರಾಗಿದ್ರೆ ಮನಸ್ಸಿಗೆ ಹಾಕ್ಕೋಬೇಡ.

ಗಂಗಾಮಣಿ

*

ಮೈಸೂರು
9-6-2003

ಅತ್ತಿಗೆ,

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಓದಿದೆ. ಊಟದ ಹೊತ್ತು ಮುಗಿದದ್ದು ತಿಳಿಯಲಿಲ್ಲ. ಥಿಯೋಡೋರ್ ಸರ್ ಬಂದು ಮೇಜಿನ ಪಕ್ಕ ನಿಂತರು. ಏನಾಯಿತು ಎಂದು ಕೇಳಲಿಲ್ಲ.

"ಸರ್, ಕುಂದೂರಿನ ಗಿರಣಿ ಆ ವಾರ ಓಡಿದೆ. ಮೀಟರು ಸರಿಯಿದೆ" ಎಂದೆ.

"ಹಾಗಾದರೆ ಅಳತೆ ಅಷ್ಟೇ ಆಯಿತಲ್ಲ."

"ಹೌದು ಸರ್."

"ಸಾವಿನ ಮನೆ ಅಂದಿರಿ."

"ನನ್ನ ಅಣ್ಣ ಸರ್. ಬೈಕಿನಲ್ಲಿ ಬಿದ್ದು ಹೋದ" ಎಂದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಎದ್ದು ಹೋಗಿ ನಿಮ್ಮ ಹೆಸರಿನ ಕಡತ ತಂದು, ಅವರೇ ತಮ್ಮ ಕೈಯಲ್ಲಿ ಮೀಟರು ಸರಿ ಎಂದು ಗುರುತು ಹಾಕಿದರು.

ಆ ಅಳತೆಯಲ್ಲಿ ಬರುವ ಪರಿಹಾರ ತೀರ ಕಡಿಮೆ. ಖಾಲಿ ಮೋಟರು ಎಷ್ಟು ಎಳೆಯುತ್ತದೋ ಅಷ್ಟನ್ನೇ ನೀವು ಉಳಿಸಿದ್ದು ಎಂದು ಹಿಡಿಯುತ್ತಾರೆ. ಬೀಸಿದ್ದರೆ ಎಷ್ಟಾಗುತ್ತಿತ್ತು ಎಂಬುದು ಅವರಿಗೆ ಬೇಕಿಲ್ಲ. ಹೀಗೆ ಮುಂದುವರಿದರೆ ಸಂಜೆಯ ಜನವೂ ಹೋಗುತ್ತಾರೆ, ಪರಿಹಾರವೂ ಇಲ್ಲ. ಅದಕ್ಕೆ ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಯೋಜನೆಯಿಂದ ನಿಮ್ಮ ಹೆಸರು ತೆಗೆಸಿದ್ದೇನೆ. ಹದಿನೈದನೇ ತಾರೀಖಿನಿಂದ ಸಂಜೆ ಗಿರಣಿ ತೆಗೆಯಬಹುದು. ತೆಗೆಯಲೇಬೇಕೆಂದು ನಾನು ಹೇಳುವುದಿಲ್ಲ. ಹೋದ ಸಲ ಹಾಗೆ ಹೇಳಿದ್ದೇ ಹೆಚ್ಚಾಯಿತು.

ಚಿಕ್ಕಪ್ಪನಿಗೆ ಏನು ಬರೆಯಬೇಕೋ ತಿಳಿಯದು. ಶುರು ಮಾಡಿ ಬಿಟ್ಟೆ.

ಮಾನಸ

*

ಕುಂದೂರು
27-6-2003

ಮಾನಸಂಗೆ ಅತ್ತಿಗೆಯ ಆಶೀರ್ವಾದ.

ಹದಿನೈದನೇ ತಾರೀಖು ಸಂಜೆ ಗಿರಣಿ ತೆಗೆದೆ. ನಿನ್ನಣ್ಣ ಮಾಡ್ತಿದ್ದ ಹಂಗೇ ಮೊದಲು ಕಾಳಿಲ್ಲದೆ ಒಂದಿಷ್ಟು ಹೊತ್ತು ಓಡಿಸಿದೆ. ಸದ್ದು ಕೇಳಿದ್ರೆ ಗಿರಣಿ ತೆಗೆದೈತೆ ಅಂತ ಊರಿಗೆಲ್ಲ ಗೊತ್ತಾಗ್ತದೆ. ಇಲ್ಲಿ ಯಾವ ಗಿರಣಿಯೋರೂ ಮಾಡೋದು ಹಂಗೇ. ಯಾರೂ ಬರಲಿಲ್ಲ. ಮಾರನೇ ದಿನವೂ ಓಡಿಸಿ ಕೂತೆ, ಬರಲಿಲ್ಲ. ತೋಟದ ಹೆಂಗಸ್ರು ರಸ್ತೆಯಲ್ಲಿ ಹೋಗೋದು ಕಾಣ್ತಿತ್ತು. ತಲೆ ಮೇಲೆ ಡಬ್ಬ ಬೇರೆ. ಶೆಡ್ಡಿನ ಹತ್ರ ಬಂದು ಮಾತು ನಿಲ್ಲಿಸಿ, ಕಾಲು ಮೆತ್ತಗೆ ಹಾಕಿ ದಾಟಿ ಹೋಗ್ತಿದ್ರು. ಆ ಡೀಸೆಲ್ ಗಿರಣಿಯೇ ಅವ್ರಿಗೆ ರೂಢಿಯಾಗೋಯ್ತು ಅಂದ್ಕೊಂಡೆ. ಆ ವಾರವೆಲ್ಲ ಹಂಗೇ ಹೋಯ್ತು. ಆಲೂರಿನವನಿಗೆ ಬಂದು ಬಿಚ್ಕೊಂಡು ಹೋಗು ಅಂತ ನಾನೇ ಹೇಳಿ ಕಳಿಸೋಣ ಅಂತಿದ್ದೆ.

ಸೋಮವಾರ ಸಂಜೆ ಸುಲೋಚನಮ್ಮ ಬಂದು ಬಾಗಿಲಲ್ಲಿ ನಿಂತ್ಲು. ತಲೆ ಮೇಲೆ ರಾಗಿ ಡಬ್ಬ.

"ಯಾಕವ್ವ ಅಲ್ಲೇ ನಿಂತೆ" ಅಂದೆ.

"ಬರಬೋದಾ?"

"ಗಿರಣಿಗೆ ಬರೋಕೆ ಕೇಳ್ತಾರಾ?"

"ಖಾಲಿ ಕಲ್ಲು ಓಡ್ತಾ ಐತಲ್ಲವ್ವ. ಆವಾಗಿನ ಹಂಗೆ ಮತ್ತೆ ಒಬ್ಳೇ ಕೂತವ್ಳೆ, ಅವಳ ಪಾಡಿಗೆ ಅವಳು ಇರ್ಲಿ ಬುಡ್ರಮ್ಮ ಅಂತ ನಾನೇ ಎಲ್ರಿಗೂ ಹೇಳಿದ್ದೆ."

ಅವಳಿಗೆ ಗೊತ್ತಿತ್ತು ಮಾನಸ. ಅವಳೊಬ್ಬಳಿಗೇ ಅಲ್ಲ, ಎಲ್ರಿಗೂ. ಕಾಳು ಇಲ್ದೆ ಕಲ್ಲು ಓಡೋ ಸದ್ದು ಸಣ್ಣಗೆ, ಬೇರೆ ಥರ ಬರ್ತದೆ. ಹುಟ್ಟಿದಾಗಿಂದ ಕೇಳಿದೋರಿಗೆ ಗೊತ್ತಾಗಲ್ವಾ. ಸೂತಕದಲ್ಲಿ ಅಷ್ಟು ಸಂಜೆ ಕೇಳಿಸ್ಕೊಂಡು, ಊರಿಗೆ ಊರೇ ಬಾಯಿ ಮುಚ್ಕೊಂಡಿತ್ತು. ನಾನು ಯಾರಿಗೂ ಗೊತ್ತಾಗ್ಲಿಲ್ಲ ಅಂದ್ಕೊಂಡು ಕೂತಿದ್ದೆ.

"ಬೀಸಿಸ್ತೀಯೋ, ಡಬ್ಬ ಹೊತ್ಕೊಂಡು ವಾಪಸ್ ಹೋಗ್ತೀಯೋ" ಅಂದೆ.

"ಇಳಿಸ್ಕೋ ಮತ್ತೆ, ಕತ್ತು ನೋಯ್ತೈತೆ" ಅಂದ್ಳು.

ಅವಳ ರಾಗಿ ಸುರಿದು ಕಲ್ಲು ಬಿಗಿ ಮಾಡಿದೆ. ಸದ್ದು ದಪ್ಪ ಆಯ್ತು. ಅವಳ ಹಿಟ್ಟು ಮುಗಿಯೋದ್ರೊಳಗೆ ರಸ್ತೆಯಲ್ಲಿದ್ದ ಇಬ್ರು ತಿರುಗಿ ಬಂದ್ರು. ಒಬ್ಳು ಹಿಟ್ಟಿಗೆ ಕೈಯಿಟ್ಟು, "ನುಣ್ಣಗಾಗ್ಲಿಲ್ಲ ಕಣಕ್ಕ, ಮೋಹನಣ್ಣ ಇನ್ನೂ ನುಣ್ಣಗೆ ಬೀಸೋರು" ಅಂದ್ಳು. ಸುಲೋಚನಮ್ಮ ಅವಳ ತೋಳು ಚಿವುಟಿದ್ಳು. ನಂಗೇನೂ ಅನ್ನಿಸ್ಲಿಲ್ಲ. ಇನ್ನೊಂದು ಸಲ ಸುರಿದು ಬೀಸಿಕೊಟ್ಟೆ.

ಆಗ ಚಿಕ್ಕಮಾವ ಬಂದ್ರು. ಇಷ್ಟು ದಿನದಲ್ಲಿ ಮೊದಲ ಸಲ ಒಳಗೆ ಬಂದು ಮೂಟೆ ಮೇಲೆ ಕೂತ್ರು. ಹೆಂಗಸ್ರು ಪಕ್ಕಕ್ಕೆ ಸರಿದ್ರು.

"ಕಾಳು ಬಿದ್ದಿದ್ದು ಕೇಳಿಸ್ತು" ಅಂದ್ರು.

ನಾನು ಕಲ್ಲಿನ ಕೆಳಗೆ ಉಳಿದ ಹಿಟ್ಟು ಬಳೀತಾ ಇದ್ದೆ.

"ಅವಾಗ ನೀನು ದಿನಾ ಖಾಲಿ ಓಡಿಸ್ತಿದ್ದೆ. ನಾನು ಜಗುಲಿ ಮೇಲೆ ಕೂತು ಕೇಳ್ತಿದ್ದೆ. ಇದನ್ನ ಇಲ್ಲೇ ಬುಟ್ರೆ ಇದರ ಮುಂದೆ ಕೂತು ಕೂತು ನೀನು ಕೈತಪ್ಪಿ ಹೋಗ್ತೀಯ ಅನ್ನಿಸ್ತು. ಅದ್ಕೆ ಆಲೂರಿನವನಿಗೆ ಹೇಳಿದ್ದೆ. ಮೆಣಸಿಗೆ ಜಾಗ ಇಲ್ದೆ ಅಲ್ಲ" ಅಂದ್ರು.

ನೀನೂ ನಾನೂ ಅವ್ರ ವಿಷಯದಲ್ಲಿ ಏನೇನೋ ಅಂದ್ಕೊಂಡಿದ್ವಿ. ಅವ್ರಿಗೆ ಏನೂ ಬರೀಬೇಡ. ಈ ಸಲ ಬಂದಾಗ ಅವ್ರ ಮನೇಲಿ ಒಂದು ಹೊತ್ತು ಊಟ ಮಾಡು, ಸಾಕು.

ಆಲೂರಿನವನಿಗೆ ಬರಬೇಡ ಅಂತ ಹೇಳಿ ಕಳಿಸಿದಾರೆ. ಮುಂದೆ ಹೆಂಗೋ ಗೊತ್ತಿಲ್ಲ. ಜನ ಇನ್ನೂ ಅರ್ಧವೂ ವಾಪಸ್ ಬಂದಿಲ್ಲ. ಸಂಜೆ ಕರೆಂಟಿದ್ರೂ ಒಂದೊಂದು ಸಲ ಮೋಟರು ಏಳೋದೇ ಇಲ್ಲ. ನಿಮ್ಮ ಆಫೀಸಿನೋರು ಹೇಳೋದು ನಿಜ, ಆ ಹೊತ್ತಿಗೆ ಸಾಲಲ್ಲ.

ನಿಂಗೆ ಅಳು ಬಂದಿಲ್ಲ ಅಂತ ಬರೆದಿದ್ದೆ. ನಂಗೂ ಬಂದಿಲ್ಲ. ಬರೋವಾಗ ಬರ್ಲಿ.

ಇನ್ನೂ ಬರೆಯೋದಿತ್ತು. ಕರೆಂಟು ಬಂತು, ಹೊರಗೆ ನಾಕು ಜನ ನಿಂತವ್ರೆ.

ಗಂಗಾಮಣಿ